ಸಿನಿಮಾ ಇಲ್ಲದೆ ಗೆದ್ದ ಹಾಡು: ನಾಜಿಯಾ ಮತ್ತು ಜೊಹೆಬ್ ಹಸನ್

ಮನೆಯಲ್ಲಿ ಹದಿನೈದು ಹದಿನಾರರ ಮಕ್ಕಳಿದ್ದರೆ ಅವರ ಫೋನಿನಿಂದ ಯಾವಾಗಲಾದರೂ 'ಆಪ್ ಜೈಸಾ ಕೋಯಿ' ಕೇಳಿರುತ್ತೀರಿ. ಇಲ್ಲವೇ 'ಡಿಸ್ಕೊ ದೀವಾನೆ'. ರೀಮೇಕ್ ಸಿನಿಮಾ ಹಾಡಾಗಿ, ರೀಲ್ಸ್ ಆಗಿ, ಮದುವೆಯ ಸಂಗೀತ್‌ನಲ್ಲಿ ಕುಣಿಯುವ ಹಾಡಾಗಿ ಇವು ಮತ್ತೆ ಮತ್ತೆ ಬರುತ್ತವೆ. ಕೇಳುವ ಮಕ್ಕಳು ಇವನ್ನು ಹೊಸ ಹಾಡು ಅಂದುಕೊಂಡಿರುತ್ತಾರೆ. ಆದರೆ ಇವು 40 ವರ್ಷ ದಾಟಿದ ಹಾಡುಗಳು. ಮೊದಲ ಸಲ ಹಾಡಿದಾಗ ಹಾಡಿದವರಿಗೂ ಹೆಚ್ಚುಕಡಿಮೆ ಈ ಮಕ್ಕಳದ್ದೇ ವಯಸ್ಸು.

ಅವರು ಕರಾಚಿ ಮೂಲದ ಅಕ್ಕ ಮತ್ತು ತಮ್ಮ, ನಾಜಿಯಾ ಹಸನ್ ಮತ್ತು ಜೊಹೆಬ್ ಹಸನ್. ಇವರ ಹೆಸರಿನ ಜೊತೆ 'ದಕ್ಷಿಣ ಏಷ್ಯಾದ ಪಾಪ್ ಸಂಗೀತಕ್ಕೆ ದಾರಿ ಮಾಡಿಕೊಟ್ಟವರು' ಅನ್ನುವ ಮಾತು ಬರುತ್ತದೆ. ಮಾತೇನೋ ದೊಡ್ಡದು. ಆದರೆ ಎರಡು ಮೂರು ಕುಣಿಯುವ ಹಾಡು ಹಾಡಿದ ಮಕ್ಕಳಿಗೆ ಅಂಥ ಹೆಸರು ಯಾಕೆ? ಇದು ತಿಳಿಯಬೇಕಾದರೆ ಆ ಕಾಲದಲ್ಲಿ ಹಾಡು ಹೇಗೆ ಹುಟ್ಟುತ್ತಿತ್ತು, ಹೇಗೆ ಮಾರಾಟವಾಗುತ್ತಿತ್ತು ಅನ್ನುವುದರಿಂದ ಶುರು ಮಾಡಬೇಕು.

ಹಾಡು ಅಂದರೆ ಸಿನಿಮಾ ಹಾಡು

1980ರ ಸುಮಾರಿಗೆ ಹಿಂದಿಯಲ್ಲಿ ಹೊಸ ಹಾಡೊಂದು ಹೊರಬರಬೇಕಾದರೆ ಇದ್ದ ದೊಡ್ಡ ಬಾಗಿಲು ಒಂದೇ. ಅದು ಸಿನಿಮಾ. ಹಣ ಹಾಕುವವರು ಸಿನಿಮಾ ನಿರ್ಮಾಪಕರು. ರಾಗ ಹಾಕುವವರು ಸಂಗೀತ ನಿರ್ದೇಶಕರು. ಹಾಡುವವರು ಹಿನ್ನೆಲೆ ಗಾಯಕರು, ತುಟಿ ಆಡಿಸುವವರು ನಟರು. ಸಿನಿಮಾ ಓಡಿದರೆ ಹಾಡು ರೇಡಿಯೊದಲ್ಲಿ ಬರುತ್ತದೆ, ರೇಡಿಯೊದಲ್ಲಿ ಬಂದರೆ ರೆಕಾರ್ಡ್ ಮಾರಾಟವಾಗುತ್ತದೆ. ಈ ಸರಪಳಿಯ ಹೊರಗೆ ನಿಂತ ಹಾಡಿಗೆ ಜನರ ಹತ್ತಿರ ಹೋಗುವ ದಾರಿಯೇ ಕಡಿಮೆ.

ಹೊರಗಿನ ಹಾಡುಗಳು ಇರಲೇ ಇಲ್ಲ ಅಂತಲ್ಲ. ಭಜನೆ ಇತ್ತು, ಗಜಲ್ ಇತ್ತು. ಕನ್ನಡದಲ್ಲಿ ಭಾವಗೀತೆ ಇತ್ತು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತ್ತು. ಸಿನಿಮಾದ ಹಂಗಿಲ್ಲದ ಹಾಡು ಮನೆಮನೆ ತಲುಪಬಹುದು ಅನ್ನುವುದನ್ನು ನಾವು ಕಂಡಿದ್ದೆವು. ಆದರೆ ಅವೆಲ್ಲ ಕೂತು ಕೇಳುವ ಹಾಡುಗಳು. ಎದ್ದು ಕುಣಿಯುವ, ಹರೆಯದವರದ್ದೇ ಆದ ಹಾಡು ಬೇಕೆಂದರೆ ಸಿನಿಮಾ ಹಾಡಿಗೆ ಹೋಗಬೇಕಿತ್ತು, ಇಲ್ಲವೇ ಇಂಗ್ಲಿಷ್ ಹಾಡಿಗೆ. ನಡುವೆ ಏನೂ ಇರಲಿಲ್ಲ ಅಂದರೂ ನಡೆಯುತ್ತದೆ.

ಲಂಡನ್‌ನ ಒಂದು ಮನೆ, ಬೆಂಗಳೂರಿನ ಇಬ್ಬರು

ನಾಜಿಯಾ ಹುಟ್ಟಿದ್ದು 1965ರ ಏಪ್ರಿಲ್ 3ರಂದು. ಜೊಹೆಬ್ ಅವರಿಗಿಂತ ಒಂದೂವರೆ ವರ್ಷ ಚಿಕ್ಕವರು. ಬೆಳೆದದ್ದು ಸ್ವಲ್ಪ ಕರಾಚಿಯಲ್ಲಿ, ಸ್ವಲ್ಪ ಲಂಡನ್‌ನಲ್ಲಿ. ಪಾಕಿಸ್ತಾನದ ಟಿವಿಯ ಮಕ್ಕಳ ಕಾರ್ಯಕ್ರಮದಲ್ಲಿ ಇಬ್ಬರೂ ಹಾಡಿದ್ದರು. ಅದು ಬಿಟ್ಟರೆ ಎಲ್ಲ ಮನೆಯ ಮಕ್ಕಳ ಹಾಗೆಯೇ ಶಾಲೆ, ಗಿಟಾರ್, ರೇಡಿಯೊ.

ಲಂಡನ್‌ನಲ್ಲಿ ಪರಿಚಯದವರ ಕೂಟವೊಂದರಲ್ಲಿ ನಟಿ ಜೀನತ್ ಅಮಾನ್ ಈ ಹುಡುಗಿಯನ್ನು ಕಂಡರು. ಆಗ ಅವರು 'ಕುರ್ಬಾನಿ' ಅನ್ನುವ ಸಿನಿಮಾದಲ್ಲಿ ನಟಿಸುತ್ತಿದ್ದರು. ಅದರ ನಿರ್ಮಾಪಕ, ನಿರ್ದೇಶಕ ಮತ್ತು ನಾಯಕ ಮೂರೂ ಫಿರೋಜ್ ಖಾನ್ ಅವರೇ. ಜೀನತ್ ಅವರ ಮೂಲಕ ಫಿರೋಜ್ ಖಾನ್ ಅವರಿಗೆ ನಾಜಿಯಾ ಪರಿಚಯವಾಯಿತು. ಅವರು ನಾಜಿಯಾರನ್ನು ಕಳಿಸಿದ್ದು ಲಂಡನ್‌ನಲ್ಲೇ ಇದ್ದ ಬಿದ್ದು ಅಪ್ಪಯ್ಯ ಅನ್ನುವವರ ಹತ್ತಿರ.

ಕನ್ನಡಿಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬಿದ್ದು ಅವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲಿ, 1939ರಲ್ಲಿ. 2009ರಲ್ಲಿ ಕಣ್ಣು ಮುಚ್ಚಿದ್ದೂ ಇಲ್ಲೇ. ಕರಾಚಿಯ ಹುಡುಗಿ, ಬೆಂಗಳೂರಿನ ಇಬ್ಬರು, ಲಂಡನ್ನಿನ ಸ್ಟುಡಿಯೊ, ಬೊಂಬಾಯಿಯ ಸಿನಿಮಾ. ನಾವು ಹಿಂದಿ ಹಾಡು ಅಂತ ಸುಮ್ನೆ ಕರೆಯುವ ಒಂದು ಹಾಡಿನ ಹಿಂದೆ ಇಷ್ಟೆಲ್ಲ ಊರುಗಳಿದ್ದವು.

ಬಿದ್ದು ಅವರು ಹರೆಯದಲ್ಲಿ ಬೆಂಗಳೂರಿನಲ್ಲಿ 'ಟ್ರೋಜನ್ಸ್' ಅನ್ನುವ ಬ್ಯಾಂಡ್ ಕಟ್ಟಿಕೊಂಡು ಇಂಗ್ಲಿಷ್ ಹಾಡು ಹಾಡುತ್ತಿದ್ದರು. 60ರ ದಶಕದ ಕೊನೆಗೆ ಇಂಗ್ಲೆಂಡ್ ಸೇರಿದರು. 1974ರಲ್ಲಿ ಅವರು ಪ್ರೊಡ್ಯೂಸ್ ಮಾಡಿದ, ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫು ಫೈಟಿಂಗ್' ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಬೇರೊಂದು ಹಾಡಿನ ರೆಕಾರ್ಡಿಂಗ್ ಮುಗಿದ ಮೇಲೆ, ಉಳಿದ ಸ್ವಲ್ಪ ಹೊತ್ತಿನಲ್ಲಿ, ರೆಕಾರ್ಡಿನ ಹಿಂಬದಿಗೆ ಇರಲಿ ಅಂತ ಮಾಡಿದ ಹಾಡು ಅದು! ಹಾಗಾಗಿ ನಾಜಿಯಾ ಅವರನ್ನು ಭೇಟಿಯಾಗುವ ಹೊತ್ತಿಗೆ ಡಿಸ್ಕೊ ಸಂಗೀತದಲ್ಲಿ ಅವರು ಜಗತ್ತೇ ಬಲ್ಲ ಹೆಸರು.

ಇಲ್ಲಿ 'ಪ್ರೊಡ್ಯೂಸರ್' ಅನ್ನುವ ಮಾತು ಬಿಡಿಸಿ ಹೇಳಬೇಕು. ಸಿನಿಮಾದಲ್ಲಿ ಪ್ರೊಡ್ಯೂಸರ್ ಅಂದರೆ ದುಡ್ಡು ಹಾಕುವವರು. ಪಾಪ್ ಸಂಗೀತದಲ್ಲಿ ಅರ್ಥ ಬೇರೆ. ಯಾವ ವಾದ್ಯ ಬೇಕು, ದನಿ ಎಷ್ಟು ಮುಂದೆ ಕೇಳಬೇಕು, ತಾಳ ಎಷ್ಟು ಜೋರಿರಬೇಕು, ಹಾಡು ಎಲ್ಲಿ ಮುಗಿಯಬೇಕು ಅಂತ ತೀರ್ಮಾನಿಸಿ ಹಾಡಿಗೆ ಅದರ ಕೊನೆಯ ರೂಪ ಕೊಡುವವರು. ಮದುವೆ ಮನೆಯ ಅಡುಗೆ ಭಟ್ಟರ ಹಾಗೆ. ತರಕಾರಿ ಯಾರೇ ತಂದಿರಲಿ, ರುಚಿಗೆ ಅವರೇ ಹೊಣೆ.

ಡಿಸ್ಕೊ ಅಂದರೆ ಏನು?

ನಮ್ಮ ಸಿನಿಮಾ ಹಾಡಿನಲ್ಲಿ ತಬಲಾ ಅಥವಾ ಢೋಲಕ್ ನುಡಿಯುವಾಗ ಎಲ್ಲ ಪೆಟ್ಟುಗಳೂ ಒಂದೇ ತೂಕದವಲ್ಲ. ಒಂದು ಗಟ್ಟಿ, ಒಂದು ಮೆಲು, ಒಂದು ಖಾಲಿ. ಡಿಸ್ಕೊದಲ್ಲಿ ಹಾಗಿಲ್ಲ. ನಾಲ್ಕು ಎಣಿಕೆಯ ತಾಳ, ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮಿನ ಒಂದೊಂದು ಪೆಟ್ಟು. ಧಮ್, ಧಮ್, ಧಮ್, ಧಮ್. ಹಾಡಿನ ಶುರುವಿನಿಂದ ಕೊನೆಯವರೆಗೆ ಬಹುಮಟ್ಟಿಗೆ ಹೀಗೇ.

ವೇಗ ಸಾಮಾನ್ಯವಾಗಿ ನಿಮಿಷಕ್ಕೆ 120ರ ಆಸುಪಾಸು. ಅಂದರೆ ಸೆಕೆಂಡಿಗೆ ಎರಡು ಪೆಟ್ಟು. ಬಸ್ಸು ತಪ್ಪಿಹೋಗುತ್ತದೆ ಅಂತ ಬಿರಬಿರನೆ ನಡೆಯುತ್ತೇವಲ್ಲ, ಹತ್ತಿರ ಹತ್ತಿರ ಅದೇ ಹೆಜ್ಜೆಯ ವೇಗ. ಅದಕ್ಕೇ ಕುಣಿತ ಕಲಿಯದವರ ಕಾಲೂ ಇದಕ್ಕೆ ತಾನಾಗಿ ಹೊಂದಿಕೊಳ್ಳುತ್ತದೆ. ಭಜನೆಯಲ್ಲಿ ತಾಳಜ್ಞಾನ ಇಲ್ಲದವರೂ ಚಪ್ಪಾಳೆ ತಟ್ಟುವ ಹಾಗೆ.

ವಿಶೇಷ ಏನೆಂದರೆ, ಅಮೆರಿಕದಲ್ಲಿ ಆ ಹೊತ್ತಿಗೆ ಡಿಸ್ಕೊ ಮೇಲೆ ಸಿಟ್ಟು ಏರಿತ್ತು. 1979ರ ಜುಲೈನಲ್ಲಿ ಶಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ಗುಡ್ಡೆ ಹಾಕಿ ಸ್ಫೋಟಿಸಿದ್ದರು. ಅಲ್ಲಿ ಹೊರಗೆ ಹಾಕುತ್ತಿದ್ದ ಸಂಗೀತ ಮರುವರ್ಷವೇ ನಮ್ಮ ಕಡೆ ಹೊಸ ಅತಿಥಿಯಾಗಿ ಬಂತು.

ಆ ದನಿಯಲ್ಲಿ ಏನಿತ್ತು?

1980ರಲ್ಲಿ 'ಕುರ್ಬಾನಿ' ಬಿಡುಗಡೆಯಾಯಿತು. ಸಿನಿಮಾದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ ಆನಂದ್‌ಜಿ ಸಂಗೀತ. 'ಆಪ್ ಜೈಸಾ ಕೋಯಿ' ಒಂದು ಮಾತ್ರ ಬಿದ್ದು ಅವರದ್ದು. ಆ ಹಾಡು ಕೇಳಿದವರಿಗೆ ಮೊದಲು ಅನಿಸಿದ್ದು, ಇದು ಬೇರೆಯೇ ಥರ ಕೇಳುತ್ತಿದೆಯಲ್ಲ ಅಂತ. ಅದಕ್ಕೆ ಎರಡು ಕಾರಣ.

ಒಂದು, ರೆಕಾರ್ಡಿಂಗ್. ಆಗಿನ ಬೊಂಬಾಯಿಯಲ್ಲಿ ಹತ್ತಾರು ವಾದ್ಯದವರು, ಗಾಯಕರು ಎಲ್ಲ ಒಂದೇ ಸ್ಟುಡಿಯೊದಲ್ಲಿ ಸೇರಿ ಒಟ್ಟಿಗೇ ನುಡಿಸಿ ಹಾಡುವುದು ರೂಢಿ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ. ಲಂಡನ್‌ನಲ್ಲಿ ಬಳಸುತ್ತಿದ್ದದ್ದು ಹಲವು ಟ್ರ್ಯಾಕ್‌ಗಳ ಪದ್ಧತಿ. ಟ್ರ್ಯಾಕ್ ಅಂದರೆ ಟೇಪಿನ ಮೇಲೆ ಉದ್ದಕ್ಕೆ ಓಡುವ ಒಂದು ಪಟ್ಟಿ. ಡ್ರಮ್ಮಿಗೆ ಒಂದು ಪಟ್ಟಿ, ಗಿಟಾರಿಗೆ ಒಂದು, ದನಿಗೆ ಒಂದು. ಹಬ್ಬದ ಅಡುಗೆಯನ್ನೇ ನೆನಪಿಸಿಕೊಳ್ಳಿ. ಪಲ್ಯ ಒಂದು ಪಾತ್ರೆ, ಸಾರು ಒಂದು ಪಾತ್ರೆ. ಸಾರಿಗೆ ಉಪ್ಪು ಸಾಲದಿದ್ದರೆ ಸಾರಿಗಷ್ಟೇ ಹಾಕಬಹುದು. ಕೊನೆಗೆ ಎಲ್ಲ ಒಂದೇ ಎಲೆಗೆ ಬರುತ್ತದೆ. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಈ ಅನುಕೂಲ ಇಲ್ಲ.

ಇದೇ ಪದ್ಧತಿಯಲ್ಲಿ ಇನ್ನೊಂದು ಉಪಾಯವೂ ಇದೆ. ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸುವುದು. ಯಾರೂ ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಡಲಾರರು. ಆ ಚೂರು ವ್ಯತ್ಯಾಸದಿಂದಲೇ ದನಿ ದಪ್ಪವಾಗುತ್ತದೆ. ಬರೆದ ಅಕ್ಷರದ ಮೇಲೆ ಇನ್ನೊಮ್ಮೆ ಪೆನ್ನು ಆಡಿಸಿದರೆ ಅಕ್ಷರ ದಪ್ಪವಾಗುವ ಹಾಗೆ. ಈ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ. ಆ ಹುಡುಗಿಯ ದನಿ ಜೋಡಿಯಾಗಿ, ತೇಲಿ ಬಂದಂತೆ ಕೇಳುತ್ತದೆ.

ಎರಡನೆಯ ಕಾರಣ ಸ್ವತಃ ನಾಜಿಯಾ. ಆಗಿನ ಹಿಂದಿ ಗಾಯಕಿಯರ ದನಿ ಅಂದರೆ ಎತ್ತರದ ಶ್ರುತಿ, ತೆಳ್ಳಗಿನ ನಾದ, ವರ್ಷಗಟ್ಟಲೆ ಅಭ್ಯಾಸದಿಂದ ಬಂದ ನಯ. ನಾಜಿಯಾ ಶಾಸ್ತ್ರೀಯವಾಗಿ ಪಳಗಿದವರಲ್ಲ. ಸ್ವಲ್ಪ ಮೂಗಿನಿಂದ ಬರುವ, ತಗ್ಗಿನ, ಗಮಕ ಇಲ್ಲದ ದನಿ. ಪಕ್ಕದಲ್ಲಿ ಕೂತ ಗೆಳತಿ ಮಾತಾಡುತ್ತಾ ಹಾಡಿಕೊಂಡ ಹಾಗೆ. ಹಳೆಯ ಅಳತೆಗೋಲಿನಲ್ಲಿ ಇದು ಕೊರತೆ. ಆದರೆ ಕೇಳುವ ಹುಡುಗ ಹುಡುಗಿಯರಿಗೆ ಅದು ತಮ್ಮದೇ ದನಿ ಅನಿಸಿತು. ನನ್ನ ಪ್ರಕಾರ ಈ ಹಾಡಿನ ಗುಟ್ಟು ಡ್ರಮ್ಮಿಗಿಂತ ಜಾಸ್ತಿ ಇಲ್ಲೇ ಇದೆ.

1981ರಲ್ಲಿ ನಾಜಿಯಾ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕಿ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಆಗ ವಯಸ್ಸು 15. ಹಿಂದಿನ ವರ್ಷ ಅದೇ ಪ್ರಶಸ್ತಿ ಪಡೆದವರು ಯಾರು ಗೊತ್ತಾ? ಕನ್ನಡಕ್ಕೆ ಅಷ್ಟೊಂದು ಹಾಡು ಕೊಟ್ಟ ವಾಣಿ ಜಯರಾಂ, ಮೀರಾ ಭಜನೆಗೆ. ಮೀರೆಯ ಭಜನೆಯ ಮರುವರ್ಷ ಡಿಸ್ಕೊ. ಹಿಂದಿ ಹಾಡಿನ ಗಾಳಿ ಎಷ್ಟು ಬೇಗ ತಿರುಗಿತು ಅನ್ನುವುದಕ್ಕೆ ಇಷ್ಟು ಸಾಕು.

'ಡಿಸ್ಕೊ ದೀವಾನೆ': ಬಾಗಿಲು ತೆರೆದದ್ದು ಇಲ್ಲಿ

ಇಷ್ಟಕ್ಕೇ ನಿಂತಿದ್ದರೆ ನಾಜಿಯಾ ಒಂದು ಹಾಡಿನ ಗಾಯಕಿಯಾಗಿ ಉಳಿಯುತ್ತಿದ್ದರು. ಮುಂದಿನ ಹೆಜ್ಜೆಯೇ ಮುಖ್ಯ. ಬಿದ್ದು ಅವರು ನಾಜಿಯಾರ ತಮ್ಮ ಜೊಹೆಬ್ ಅವರನ್ನೂ ಸೇರಿಸಿಕೊಂಡು ಪೂರಾ ಆಲ್ಬಂ ಮಾಡಿದರು. ಆಲ್ಬಂ ಅಂದರೆ ಒಂದೇ ಗಾಯಕರ ಅಥವಾ ತಂಡದ ಹೆಸರಿನಲ್ಲಿ ಒಟ್ಟಿಗೆ ಬರುವ ಹಾಡುಗಳ ಗೊಂಚಲು. 1981ರಲ್ಲಿ ಬಂದ 'ಡಿಸ್ಕೊ ದೀವಾನೆ'ಯಲ್ಲಿ ಕತೆ ಇಲ್ಲ, ನಾಯಕ ಇಲ್ಲ, ತುಟಿ ಆಡಿಸುವ ನಟಿ ಇಲ್ಲ. ಹಾಡಿದವರ ಹೆಸರೇ ಬಂಡವಾಳ. ಹಾಡು ಕಟ್ಟುವುದರಲ್ಲಿ ಹದಿನಾಲ್ಕರ ಜೊಹೆಬ್ ಅವರ ಪಾಲೂ ಇತ್ತು.

ಸಿನಿಮಾ ಇಲ್ಲದೆ ಇದು ಜನರನ್ನು ತಲುಪಿದ್ದು ಹೇಗೆ? ಇಲ್ಲಿ ಕ್ಯಾಸೆಟ್ಟಿನ ಪಾತ್ರ ದೊಡ್ಡದು. ಅದಕ್ಕೆ ಮುಂಚೆ ಹಾಡು ಇಟ್ಟುಕೊಳ್ಳಬೇಕೆಂದರೆ ರೆಕಾರ್ಡ್ ಪ್ಲೇಯರ್ ಬೇಕು. ಅದು ಉಳ್ಳವರ ಮನೆಯ ವಸ್ತು. 80ರ ಶುರುವಿನಲ್ಲಿ ಕ್ಯಾಸೆಟ್ ಅಗ್ಗವಾಯಿತು. ಗಲ್ಫ್‌ನಿಂದ ಊರಿಗೆ ಬಂದವರ ಕೈಯಲ್ಲಿ ಟು-ಇನ್-ವನ್, ಅಂದರೆ ರೇಡಿಯೊ ಮತ್ತು ಕ್ಯಾಸೆಟ್ ಪ್ಲೇಯರ್ ಎರಡೂ ಇರುವ ಪೆಟ್ಟಿಗೆ, ಇರುತ್ತಿತ್ತು. ಕರಾವಳಿಯ ಮನೆಗಳಲ್ಲಿ ಇದು ಇನ್ನೂ ಹಲವರಿಗೆ ನೆನಪಿರುತ್ತದೆ ಅಲ್ವಾ? ಕ್ಯಾಸೆಟ್ಟಿಗೆ ಇನ್ನೊಂದು ಗುಣ ಇತ್ತು. ಒಂದರಿಂದ ಇನ್ನೊಂದಕ್ಕೆ ತುಂಬಿಸಿಕೊಳ್ಳಬಹುದಿತ್ತು. ಹಾಡಿದವರಿಗೆ ಇದರಿಂದ ನಷ್ಟ, ಆದರೆ ಹಾಡಿಗೆ ಕಾಲು ಬಂತು. ಭಾರತದ ಸಿನಿಮಾಗಳು 1965ರಿಂದ ಪಾಕಿಸ್ತಾನದ ಟಾಕೀಸುಗಳಲ್ಲಿ ನಿಷೇಧವಾಗಿದ್ದವು. ಕ್ಯಾಸೆಟ್ಟಿಗೆ ಟಾಕೀಸು ಬೇಕಿರಲಿಲ್ಲ. ಎರಡೂ ದೇಶದ ಹುಡುಗರು ಒಂದೇ ಕಾಲಕ್ಕೆ ಒಂದೇ ಹಾಡಿಗೆ ಕುಣಿದರು.

ಮರುವರ್ಷ, 1982ರಲ್ಲಿ, ಕುಮಾರ್ ಗೌರವ್ ನಟಿಸಿದ 'ಸ್ಟಾರ್' ಸಿನಿಮಾಕ್ಕೆ ಇದೇ ತಂಡ ಹಾಡು ಮಾಡಿತು. ಸಿನಿಮಾ ಓಡಲಿಲ್ಲ. ಅದರ 'ಬೂಮ್ ಬೂಮ್' ಹಾಡು ಓಡಿತು. ಸಿನಿಮಾ ಗೆದ್ದರೆ ಮಾತ್ರ ಹಾಡು ಗೆಲ್ಲುತ್ತದೆ ಅನ್ನುವ ಲೆಕ್ಕ ಇಲ್ಲಿಗೆ ತಪ್ಪಿತ್ತು.

ಒಡಹುಟ್ಟಿದವರ ದನಿ ಯಾಕೆ ಹೊಂದುತ್ತದೆ?

ಅಣ್ಣ ತಮ್ಮ, ಅಕ್ಕ ತಂಗಿ ಜೋಡಿಯಾಗಿ ಹಾಡುವುದು ನಮಗೆ ಹೊಸದಲ್ಲ. ಕರ್ನಾಟಕ ಸಂಗೀತದಲ್ಲಿ ನಮ್ಮ ರುದ್ರಪಟ್ಟಣ ಸಹೋದರರಿದ್ದಾರೆ. ಅಮೆರಿಕದ ಪಾಪ್‌ನಲ್ಲಿ ಅಣ್ಣ ತಂಗಿಯ 'ಕಾರ್ಪೆಂಟರ್ಸ್' ಇದ್ದರು. ಇಂಥ ಜೋಡಿಗಳ ದನಿ ಸಲೀಸಾಗಿ ಬೆರೆಯುವುದಕ್ಕೆ ಕಾರಣಗಳಿವೆ. ಗಂಟಲು, ಬಾಯಿ, ಮೂಗಿನ ಒಳರಚನೆ ಬಹಳಷ್ಟು ಅಪ್ಪ ಅಮ್ಮನಿಂದ ಬರುತ್ತದೆ, ನಾದದ ಬಣ್ಣ ಅದನ್ನೇ ಅವಲಂಬಿಸಿದೆ. ಜೊತೆಗೆ ಒಂದೇ ಮನೆಯಲ್ಲಿ ಮಾತು ಕಲಿತವರು ಸ್ವರಾಕ್ಷರಗಳನ್ನು ಒಂದೇ ಥರ ಉಚ್ಚರಿಸುತ್ತಾರೆ. 'ಆ' ಎಷ್ಟು ಅಗಲ, 'ಓ' ಎಷ್ಟು ದುಂಡು ಅನ್ನುವುದು ಹೊಂದಿದರೆ ಎರಡು ದನಿ ಒಂದರಂತೆ ಕೇಳುತ್ತವೆ. ಇನ್ನೊಬ್ಬರು ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಅನ್ನುವುದೂ ಚಿಕ್ಕಂದಿನಿಂದ ಗೊತ್ತಿರುತ್ತದೆ.

ನಾಜಿಯಾ ಮತ್ತು ಜೊಹೆಬ್ ಅವರಲ್ಲಿ ಇದರ ಜೊತೆಗೆ ಇನ್ನೊಂದು ವಿಷಯ ಇತ್ತು. ಹುಡುಗ ಹುಡುಗಿ ಒಟ್ಟಿಗೆ ನಿಂತು ಪ್ರೀತಿಯ ಹಾಡು ಹಾಡಿದರೆ ಹುಬ್ಬೇರಿಸುವ ಸಮಾಜದಲ್ಲಿ, ಅಕ್ಕ ತಮ್ಮ ಅನ್ನುವುದೇ ಒಂದು ರಕ್ಷೆ. ಮನೆಯವರೆಲ್ಲ ಕೂತು ನೋಡಬಹುದಾದ ಜೋಡಿ ಅದು.

ಪಾಕಿಸ್ತಾನದಲ್ಲಿ ಅದು ಸುಲಭ ಇರಲಿಲ್ಲ

ಆ ರಕ್ಷೆ ಯಾಕೆ ಬೇಕಿತ್ತು ಅಂದರೆ ಕಾಲ ಹಾಗಿತ್ತು. 1977ರಲ್ಲಿ ಸೇನಾ ಮುಖ್ಯಸ್ಥ ಜಿಯಾ ಉಲ್ ಹಕ್ ಅಧಿಕಾರ ಹಿಡಿದಿದ್ದರು. ಟಿವಿ ಅಂದರೆ ಸರ್ಕಾರದ ಪಿಟಿವಿ ಒಂದೇ. ಅದರಲ್ಲಿ ಕಾಣಿಸಿಕೊಳ್ಳುವ ಹೆಂಗಸರು ತಲೆ ಮೇಲೆ ದುಪಟ್ಟಾ ಹೊದೆಯಬೇಕು ಅನ್ನುವ ಕಟ್ಟಳೆ ಬಂದಿತ್ತು. ಕುಣಿತ, ಪಾಶ್ಚಾತ್ಯ ಸಂಗೀತ ಎರಡರ ಮೇಲೂ ಕಣ್ಣಿತ್ತು. ಅಂಥ ಹೊತ್ತಿನಲ್ಲಿ ಹದಿಹರೆಯದ ಹುಡುಗಿಯೊಬ್ಬಳು ಡಿಸ್ಕೊ ಹಾಡಿ ಮನೆಮಾತಾದಳು ಅನ್ನುವುದು ಸಣ್ಣ ವಿಷಯ ಅಲ್ಲ. ಅವರು ಘೋಷಣೆ ಕೂಗಲಿಲ್ಲ, ಯಾರನ್ನೂ ಎದುರು ಹಾಕಿಕೊಳ್ಳಲಿಲ್ಲ. ಹಾಡಿದರು, ಅಷ್ಟೇ.

1984ರ 'ಯಂಗ್ ತರಂಗ್' ಆಲ್ಬಮ್ಮಿಗೆ ಹಾಡುಗಳ ವಿಡಿಯೊಗಳನ್ನೂ ಮಾಡಿದರು. ಪಾಕಿಸ್ತಾನದ ಪಾಪ್‌ಗೆ ಇದು ಹೊಸ ದಾರಿ. 1987ರಲ್ಲಿ 'ಹಾಟ್‌ಲೈನ್' ಬಂತು. 1988ರ ಆಗಸ್ಟಿನಲ್ಲಿ ಜಿಯಾ ವಿಮಾನ ಅಪಘಾತದಲ್ಲಿ ಸತ್ತರು. ವರ್ಷದ ಕೊನೆಗೆ ಬೆನಜೀರ್ ಭುಟ್ಟೊ ಪ್ರಧಾನಿಯಾದರು. ಮರುವರ್ಷ ಪಿಟಿವಿಯಲ್ಲಿ 'ಮ್ಯೂಸಿಕ್ 89' ಅನ್ನುವ ಕಾರ್ಯಕ್ರಮ ಬಂತು. ನಡೆಸಿಕೊಟ್ಟವರು ನಾಜಿಯಾ ಮತ್ತು ಜೊಹೆಬ್. ವೇದಿಕೆಯ ಮೇಲೆ ಹೊಸ ಹುಡುಗರ ಬ್ಯಾಂಡುಗಳು, 'ವೈಟಲ್ ಸೈನ್ಸ್' ಥರದವು. ಎಂಟು ವರ್ಷದ ಹಿಂದೆ ತಾವು ತೆರೆದ ಬಾಗಿಲಲ್ಲಿ ನಿಂತು ಮುಂದಿನವರನ್ನು ಒಳಗೆ ಕರೆದಂತಿತ್ತು ಅದು.

ಹಾಡು ನಿಲ್ಲಿಸಿದ ಮೇಲೆ

1992ರ 'ಕ್ಯಾಮೆರಾ ಕ್ಯಾಮೆರಾ' ಜೋಡಿಯ ಕೊನೆಯ ಆಲ್ಬಂ. ಮಾದಕ ವಸ್ತುಗಳ ವಿರುದ್ಧದ ಅಭಿಯಾನದ ಜೊತೆ ಅದನ್ನು ಜೋಡಿಸಿದ್ದರು. ಅಷ್ಟು ಹೊತ್ತಿಗೆ ನಾಜಿಯಾ ಅವರ ಮನಸ್ಸು ಬೇರೆ ಕಡೆ ಹೊರಳಿತ್ತು. ಕಾನೂನು ಓದಿದರು. ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. ಹೆಸರು ಜೋರಾಗಿದ್ದಾಗಲೂ ಓದು ಬಿಡಲಿಲ್ಲ ಅನ್ನುವುದು ನನಗೆ ಅವರ ಬಗ್ಗೆ ತುಂಬಾ ಇಷ್ಟವಾಗುವ ಸಂಗತಿ.

ಆಮೇಲೆ ಕಾಯಿಲೆ ಬಂತು. ಶ್ವಾಸಕೋಶದ ಕ್ಯಾನ್ಸರ್. 2000ದ ಆಗಸ್ಟ್ 13ರಂದು ಲಂಡನ್‌ನಲ್ಲಿ ತೀರಿಕೊಂಡರು. 35 ವರ್ಷ. ಚಿಕ್ಕ ಮಗನಿದ್ದ. 2002ರಲ್ಲಿ ಪಾಕಿಸ್ತಾನ ಸರ್ಕಾರ ಅವರಿಗೆ ಮರಣೋತ್ತರವಾಗಿ 'ಪ್ರೈಡ್ ಆಫ್ ಪರ್ಫಾರ್ಮೆನ್ಸ್' ಗೌರವ ಕೊಟ್ಟಿತು.

ಇವತ್ತು ಎಲ್ಲಿ ಕೇಳಿಸುತ್ತದೆ?

ಭಾರತದಲ್ಲಿ ಸಿನಿಮಾ ಹೊರಗಿನ ಪಾಪ್ ಹಾಡು ಅಲೆಯಂತೆ ಬಂದದ್ದು 90ರ ದಶಕದ ನಡುವೆ. ಇದನ್ನು 'ಇಂಡಿಪಾಪ್' ಅನ್ನುತ್ತಾರೆ. ಕೇಬಲ್ ಟಿವಿ ಮನೆಗೆ ಬಂದಿತ್ತು, ಹಾಡಿನ ಚಾನೆಲ್ಲುಗಳಿದ್ದವು. 1995ರಲ್ಲಿ ಅಲಿಶಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' ದೇಶವೆಲ್ಲ ಮೊಳಗಿತು. ಅದನ್ನು ಪ್ರೊಡ್ಯೂಸ್ ಮಾಡಿದವರು ಮತ್ತೆ ನಮ್ಮ ಬಿದ್ದು ಅವರೇ. ದಲೇರ್ ಮೆಹಂದಿ, ಲಕ್ಕಿ ಅಲಿ ಬಂದದ್ದು ಅದೇ ಹೊತ್ತಿನಲ್ಲಿ. 'ಡಿಸ್ಕೊ ದೀವಾನೆ' ಬಂದು ಆಗಲೇ 14 ವರ್ಷ ಆಗಿತ್ತು. ನಾಜಿಯಾ ಮತ್ತು ಜೊಹೆಬ್ ಹಾಡಿದಾಗ ಚಾನೆಲ್ ಇರಲಿಲ್ಲ, ಕೇಬಲ್ ಇರಲಿಲ್ಲ. ಅವರು ಅಷ್ಟು ಮುಂಚೆ ಬಂದಿದ್ದರು.

ಈಗ ಮನೆಯ ಮಕ್ಕಳ ಫೋನಿಗೆ ವಾಪಸ್ ಬರೋಣ. 2012ರ 'ಸ್ಟೂಡೆಂಟ್ ಆಫ್ ದಿ ಇಯರ್' ಸಿನಿಮಾದಲ್ಲಿ 'ಡಿಸ್ಕೊ ದೀವಾನೆ'ಯನ್ನು ಹೊಸದಾಗಿ ಮಾಡಿದರು. ಹಾಡಿದವರು ಬೆನ್ನಿ ದಯಾಳ್ ಮತ್ತು ಸುನಿಧಿ ಚೌಹಾಣ್. ಗಾಯಕರ ಪಟ್ಟಿಯಲ್ಲಿ ಇನ್ನೊಂದು ಹೆಸರೂ ಇದೆ, ನಾಜಿಯಾ ಹಸನ್. ಅವರ ಹಳೆಯ ದನಿಯನ್ನೇ ತೆಗೆದು ಹೊಸ ಹಾಡಿನೊಳಗೆ ಸೇರಿಸಿದ್ದಾರೆ. ಮುಂದಿನ ಸಲ ಆ ಹಾಡು ಬಂದಾಗ ಸ್ವಲ್ಪ ಕಿವಿಗೊಡಿ. ಹೊಸ ಡ್ರಮ್ಮು, ಹೊಸ ದನಿಗಳ ನಡುವೆ, ಸ್ವಲ್ಪ ಮೂಗಿನಿಂದ ಬರುವ, ಯಾವ ಅವಸರವೂ ಇಲ್ಲದ ದನಿಯೊಂದು ತೇಲಿ ಬರುತ್ತದೆ. ಅದು 1981ರ ಹುಡುಗಿಯದ್ದು.